ವಿನ್ನಿಪೆಗ್ ಕಳೆದುಕೊಂಡ ತಂಡ

1972ರ ಜೂನ್ ತಿಂಗಳಿನಲ್ಲಿ, ಕೆನಡಾ ದೇಶದ ವಿನ್ನಿಪೆಗ್ ನಗರದ ಪೋರ್ಟೇಜ್ ಮತ್ತು ಮೇನ್ ಬೀದಿಗಳು ಕೂಡುವ ಚೌಕದಲ್ಲಿ, ನೆರೆದ ಸಹಸ್ರಾರು ಜನರ ಸಮ್ಮುಖದಲ್ಲಿ, ಐಸ್ ಹಾಕಿಯ ಪ್ರಖ್ಯಾತ ಆಟಗಾರ ಬಾಬಿ ಹಲ್ ಹತ್ತು ಲಕ್ಷ ಡಾಲರು ಎಂದು ಬರೆದ ಬೃಹದಾಕಾರದ ಚೆಕ್ಕೊಂದನ್ನು ಸ್ವೀಕರಿಸಿ, ಷಿಕಾಗೊ ತಂಡವನ್ನು ತೊರೆದು, ಆಗತಾನೆ ಹುಟ್ಟಿದ ವಿನ್ನಿಪೆಗ್ ಜೆಟ್ಸ್ ತಂಡವನ್ನು ಸೇರಿದನು. ಅಂದಿನ ಮಟ್ಟಿಗೆ ಅದು ಊಹಾತೀತವಾದ ಧನರಾಶಿ. ಆ ಊರೊಂದೇ ಅದನ್ನು ತೆತ್ತುದಲ್ಲ, ಜೆಟ್ಸ್ ಸೇರಿದ್ದ ಹೊಸ ಲೀಗಿನ ಇತರ ತಂಡಗಳೂ ಪಾಲು ಹಾಕಿದ್ದುವು.

ಎರಡು ವರ್ಷಗಳ ತರುವಾಯ ಸ್ವೀಡನ್ನಿನಿಂದ ಆಂಡರ್ಸ್ ಹೆಡ್‌ಬರ್ಗ್, ಉಲ್ಫ್ ನಿಲ್ಸನ್ ಎಂಬ ಇಬ್ಬರು ಬಂದು ಹಲ್‌ನ ಜೊತೆಗೂಡಲು, ಮೈಬಲವೇ ಪ್ರಧಾನವಾಗಿದ್ದ ಆ ಆಟಕ್ಕೆ ವೇಗದ ಚೆಲುವೂ, ಪಕ್ ಎಂಬ ಬಿಲ್ಲೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಕೌಶಲವೂ ಕೂಡಿಕೊಂಡುವು. ತಂಡವು ಆ ಹೊಸ ಲೀಗಿನ ಪ್ರಶಸ್ತಿಯಾದ ಆವ್ಕೋ ಕಪ್ಪನ್ನು ಮೂರು ಬಾರಿ ಗೆದ್ದಿತು. 1979ರಲ್ಲಿ ಹಳೆಯ ಲೀಗಾದ ನ್ಯಾಷನಲ್ ಹಾಕಿ ಲೀಗ್ ಜೆಟ್ಸ್‌ಗೆ ಬಾಗಿಲು ತೆರೆಯಿತಾದರೂ, ಅದಕ್ಕಾಗಿ ತಂಡವು ತನ್ನ ಉತ್ತಮ ಆಟಗಾರರಲ್ಲಿ ಬಹುಮಂದಿಯನ್ನು ಬಿಟ್ಟುಕೊಡಬೇಕಾಯಿತು. ಅಲ್ಲಿ ಕಪ್ಪು ದೊರೆಯಲಿಲ್ಲ. ಆದರೆ 1992–93ರಲ್ಲಿ ಫಿನ್ಲೆಂಡಿನ ತರುಣ ಟೇಮು ಸೆಲ್ಯಾನೆ ತನ್ನ ಪ್ರಥಮ ಋತುವಿನಲ್ಲಿಯೇ 76 ಗೋಲುಗಳನ್ನು ಹೊಡೆದುದನ್ನು ಆ ಊರು ಕಣ್ಣಾರೆ ಕಂಡಿತು. ಹೊಸಬನೊಬ್ಬನ ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ಇಂಥ ತಂಡ ಊರು ಬಿಡಬೇಕಾಗಿ ಬಂದುದು ಜನರ ಪ್ರೀತಿ ಬತ್ತಿದ್ದರಿಂದಲ್ಲ. ಆಟಗಾರರಿಗೆ ವೇತನವನ್ನು ಕೊಡಬೇಕಾದುದು ಅಮೆರಿಕದ ಡಾಲರಿನಲ್ಲಿ, ಟಿಕೆಟಿನ ಹಣ ಕೈಸೇರುತ್ತಿದ್ದುದು ಕೆನಡಾದ ಡಾಲರಿನಲ್ಲಿ. ತೊಂಬತ್ತರ ದಶಕದ ನಡುವೆ ಇದರ ಬೆಲೆ ಅದರ ಮುಕ್ಕಾಲು ಪಾಲಿಗಿಂತಲೂ ಕೆಳಗಿಳಿದಿತ್ತು. 1955ರಲ್ಲಿ ಕಟ್ಟಿದ ವಿನ್ನಿಪೆಗ್ ಅರೀನಾದಲ್ಲಿ, ಎಲಿಜಬೆತ್ ರಾಣಿಯ ದೊಡ್ಡ ಭಾವಚಿತ್ರದ ಕೆಳಗೆ, ಜನ ಶ್ವೇತವಸ್ತ್ರ ಧರಿಸಿ ಒತ್ತೊತ್ತಾಗಿ ಕುಳಿತು ಕೂಗುತ್ತಿದ್ದರು; ಆದರೆ ಕಂಪನಿಗಳಿಗೆ ದುಬಾರಿ ಬಾಡಿಗೆಗೆ ಕೊಡುವಂಥ ಕೊಠಡಿಗಳಿಂದಲೇ ಲಾಭ ಹುಟ್ಟಬೇಕಾಗಿದ್ದ ಹೊಸ ಕಾಲಕ್ಕೆ ಆ ಕಟ್ಟಡ ಸಲ್ಲದಾಗಿತ್ತು.

1995ರ ಮೇ ತಿಂಗಳಿನಲ್ಲಿ, ರೆಡ್ ಮತ್ತು ಅಸಿನಿಬೊಯಿನ್ ನದಿಗಳ ಸಂಗಮದ ಬಯಲಿನಲ್ಲಿ, ತಂಡವನ್ನು ಉಳಿಸಿಕೊಳ್ಳಲೆಂದು ಹತ್ತಾರು ಸಾವಿರ ಜನ ನೆರೆದರು. ವರ್ತಕರು ಧನದ ವಾಗ್ದಾನವಿತ್ತರು. ಮಕ್ಕಳು ತಮ್ಮ ಹುಂಡಿಗಳಲ್ಲಿ ಕೂಡಿಟ್ಟಿದ್ದ ಚಿಲ್ಲರೆಯನ್ನು ತಂದು ಸುರಿದರು. ಆ ಬಳಿಕ ತಂಡ ಉಳಿದುದು ಇನ್ನೊಂದೇ ಋತು. ರಿಚರ್ಡ್ ಬರ್ಕ್, ಸ್ಟೀವನ್ ಗ್ಲಕ್‌ಸ್ಟರ್ನ್ ಎಂಬ ಇಬ್ಬರು ಅದನ್ನು ಕೊಂಡು, ಅರಿಜೋನಾದ ಮರುಭೂಮಿಯ ಫೀನಿಕ್ಸ್ ನಗರಕ್ಕೆ ಒಯ್ಯಲು ನಿಶ್ಚಯಿಸಿದರು. 1996ರ ಏಪ್ರಿಲ್ 28ರಂದು ಡೆಟ್ರಾಯಿಟ್ ತಂಡದೆದುರು 4–1ರಿಂದ ಸೋತುದೇ ಜೆಟ್ಸ್ ಆಡಿದ ಕಡೆಯ ಆಟ. ಊರ ತೇರನ್ನು ಒಬ್ಬನ ಹೆಸರಿಗೆ ಖಾತೆ ಮಾಡಿಕೊಟ್ಟ ಮೇಲೆ, ಅದನ್ನು ಎಳೆಯುವವರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಆ ಮಕ್ಕಳ ಕಾಸಿಗೆ ತಂಡದಲ್ಲಿ ಒಂದಿಷ್ಟು ಹಕ್ಕನ್ನಾದರೂ ಕೊಡುವ ಏರ್ಪಾಡು ಇರದಿದ್ದುದು ಅನ್ಯಾಯವೆಂದೇ ನಾನು ಬಗೆಯುತ್ತೇನೆ.

ಫೀನಿಕ್ಸಿನಲ್ಲಾದರೂ ತಂಡ ಸುಖವಾಗಿ ಬಾಳಿತೇ? ಬ್ಯಾಸ್ಕೆಟ್‌ಬಾಲ್ ಆಟಕ್ಕೆಂದು ಕಟ್ಟಿದ ಅರೀನಾದಲ್ಲಿ ಸಾವಿರಾರು ಆಸನಗಳಿಂದ ಒಂದು ಬದಿಯ ಗೋಲು ಸರಿಯಾಗಿ ಕಾಣುತ್ತಿರಲಿಲ್ಲ. 2009ರಲ್ಲಿ ಒಡೆಯ ದಿವಾಳಿ ಅರ್ಜಿ ಸಲ್ಲಿಸಲು, ಕೆನಡಾದ ಉದ್ಯಮಿಯೊಬ್ಬರು 21.25 ಕೋಟಿ ಡಾಲರಿಗೆ ಕೊಂಡು ತಮ್ಮ ದೇಶದ ಹ್ಯಾಮಿಲ್ಟನ್ನಿಗೆ ಸಾಗಿಸಲು ಮುಂದಾದರು. ನ್ಯಾಯಾಲಯ ಸಮ್ಮತಿಸಲಿಲ್ಲ, ಲೀಗೇ ತಂಡವನ್ನು ಕೊಂಡುಕೊಂಡಿತು. ಕೊನೆಯ ದಿನಗಳಲ್ಲಿ ವಿಶ್ವವಿದ್ಯಾಲಯವೊಂದರ, ಸುಮಾರು 5,000 ಆಸನಗಳ ಅಂಗಣದಲ್ಲಿ ಆಡುತ್ತಿದ್ದ ಅದರ ಆಟಗಾರರು 2024ರಲ್ಲಿ ಯೂಟಾದ ಸಾಲ್ಟ್ ಲೇಕ್ ನಗರವನ್ನು ಸೇರಿದರು.

ಅದಕ್ಕೂ ಮುನ್ನವೇ, 2011ರಲ್ಲಿ, ವಿನ್ನಿಪೆಗ್ಗಿಗೆ ಮತ್ತೊಂದು ತಂಡ ಬಂದಿತ್ತು. 13,000 ಋತು ಟಿಕೆಟುಗಳು ಕೆಲವೇ ದಿನಗಳಲ್ಲಿ ಮಾರಾಟವಾದುವು. ಜೆಟ್ಸ್ ಎಂಬ ಹೆಸರು ಮರಳಿತು. ಆದರೆ ಆ ತಂಡ ಅಟ್ಲಾಂಟಾದಿಂದ ಬಂದುದು. 1980ರಲ್ಲಿಯೇ ಒಂದು ತಂಡವನ್ನು ಕ್ಯಾಲ್ಗರಿಗೆ ಕಳೆದುಕೊಂಡಿದ್ದ ಅಟ್ಲಾಂಟಾದ ಅಭಿಮಾನಿಗಳು, ಎರಡನೆಯ ಸಲವೂ, ತಮ್ಮನ್ನು ಕೇಳದೆಯೇ ನಡೆದ ವ್ಯಾಪಾರದಿಂದ ಕೆನಡಾಕ್ಕೆ ತಮ್ಮ ತಂಡವನ್ನು ಬಿಟ್ಟುಕೊಟ್ಟರು.