ಸಾವಿರ ಮುಖದ ನಟ ಲಾನ್ ಚೇನಿ

ನಮ್ಮ ದೊಡ್ಡಾಟದಾಗ ಬಣ್ಣ ಹಚ್ಚುವವರು ಬೇರೆ, ಕುಣಿಯುವವರು ಬೇರೆ. ಅಮೇರಿಕಾದಾಗ ಎರಡೂ ಕೆಲಸ ತಾನೇ ಮಾಡಿ ಹೆಸರಾದವ ಲಾನ್ ಚೇನಿ. ಮಾತಿಲ್ಲದ ಸಿನೆಮಾದ ಕಾಲದ ನಟ. ಸಾವಿರ ಮುಖದವ ಅಂತ ಅವನಿಗೆ ಬಿರುದು.

1883ರ ಏಪ್ರಿಲ್ 1ರಂದು ಕೊಲೊರಾಡೊ ಸ್ಪ್ರಿಂಗ್ಸ್ ಊರಾಗ ಹುಟ್ಟಿದ. ತಂದೆ ಕ್ಷೌರದ ಕೆಲಸದವ. ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಮನೆಯ ಮಾತುಕತೆ ಎಲ್ಲ ಕೈಸನ್ನೆಯಲ್ಲೇ. ತಾಯಿ ಹಾಸಿಗೆ ಹಿಡಿದಾಗ ಹುಡುಗ ಸಾಲಿ ಬಿಟ್ಟು ಆಕೆಯ ಸೇವೆಗೆ ನಿಂತ. (ನಾನರೆ ಏಳನೇ ಇಯತ್ತೆ ಮುಟ್ಟಿದೆ, ಅವನು ಅಷ್ಟೂ ಕಲಿಯಲಿಲ್ಲ.) ಊರಾಗ ಏನು ನಡೆಯಿತು, ಯಾರು ಹೆಂಗ ನಡೆದರು ಅನ್ನೂದನ್ನ ಮುಖ, ಕೈಯಿಂದ ತಾಯಿಗೆ ಮಾಡಿ ತೋರಿಸುತ್ತಿದ್ದ. ಅವನ ತಾಲೀಮು ಅದೇ.

ಮುಂದೆ ನಾಟಕ ಕಂಪನಿ ಸೇರಿ ಊರೂರು ತಿರುಗಿದ. ಕ್ಲೀವಾ ಎಂಬ ಹಾಡುವ ಹೆಣ್ಣುಮಗಳನ್ನು ಲಗ್ನವಾದ. ಒಬ್ಬ ಮಗ ಹುಟ್ಟಿದ. ಸಂಸಾರ ಮಾತ್ರ ನೆಟ್ಟಗಾಗಲಿಲ್ಲ. 1913ರಾಗ ಗಂಡ ಕೆಲಸ ಮಾಡುವ ನಾಟಕಗೃಹಕ್ಕೇ ಹೋಗಿ ಆಕೆ ವಿಷ ಕುಡಿದಳು. ಜೀವ ಉಳಿಯಿತು, ಕಂಠ ಹೋಯಿತು. ತಪ್ಪು ಯಾರದು ಅಂತ ನಾನು ಹೇಳಲಾರೆ. ಒಮ್ಮೆ ಗಂಟಲು ಕೂತು ಎರಡು ತಿಂಗಳು ಪದ ಹಾಡದೆ ಕುಂತಿದ್ದೆ, ಆ ಸಂಕಟ ಗೊತ್ತು. ಆಕೆಗೆ ಜೀವಮಾನವೇ ಹಂಗಾಯಿತಲ್ಲ.

ಈ ಗುಲ್ಲಿನಿಂದ ಚೇನಿಗೆ ನಾಟಕದ ಬಾಗಿಲು ಮುಚ್ಚಿತು. ಸಿನೆಮಾಕ್ಕೆ ಬಂದ. ಮೊದಮೊದಲು ಸಣ್ಣಪುಟ್ಟ ಪಾತ್ರ. 1919ರಾಗ 'ದಿ ಮಿರಾಕಲ್ ಮ್ಯಾನ್' ಬಂದ ಮೇಲೆ ಜನ ಗುರುತಿಸಿದರು. 1920ರ 'ದಿ ಪೆನಾಲ್ಟಿ' ಚಿತ್ರದಾಗ ಎರಡೂ ಕಾಲಿಲ್ಲದವನ ಪಾತ್ರ. ಕಾಲು ಹಿಂದಕ್ಕೆ ಮಡಚಿ, ತೊಗಲಿನ ಪಟ್ಟಿಯಿಂದ ಬಿಗಿದು, ಮೊಣಕಾಲ ಮ್ಯಾಲೆ ನಡೆದ. ನೋವು ತಡಿಲಾರದೆ ನಡುನಡುವೆ ಬಿಚ್ಚಬೇಕಾಗುತ್ತಿತ್ತು. 1923ರಾಗ ಗೂನುಬೆನ್ನಿನ ಗಂಟೆ ಬಾರಿಸುವವ. ಆ ಪಾತ್ರಕ್ಕೂ ಕಿವಿ ಕೇಳೂದಿಲ್ಲ, ನೋಡ್ರಿ. 1925ರಾಗ 'ದಿ ಫ್ಯಾಂಟಮ್ ಆಫ್ ದಿ ಆಪೆರಾ'. ಮೂಗು ಮೇಲಕ್ಕೆತ್ತಿ, ಕಣ್ಣಿನ ಸುತ್ತ ಕಪ್ಪು ಬಳಿದು, ತಲೆಬುರುಡೆಯಂಥ ಮುಖ ಮಾಡಿಕೊಂಡ. ಕಾಲಾಗ ಜೇಡರಹುಳ ಕಂಡರೆ ತುಳಿಬ್ಯಾಡ್ರಿ, ಅದು ಚೇನಿ ಇದ್ದೀತು ಅಂತ ಅಲ್ಲಿಯ ಜನ ನಗಚಾಟಿಕೆ ಮಾಡುತ್ತಿದ್ದರು. ಬಣ್ಣಗಾರಿಕೆ ಬಗ್ಗೆ ಬ್ರಿಟಾನಿಕಾ ವಿಶ್ವಕೋಶಕ್ಕೆ ಲೇಖನ ಬರೆದವನೂ ಇವನೇ. ಸಾಲಿ ಬಿಟ್ಟ ಹುಡುಗ!

ಸಿನೆಮಾಕ್ಕೆ ಮಾತು ಬಂತು. 1930ರಾಗ ಅವನ ಮೊದಲ ಮಾತಿನ ಚಿತ್ರ, 'ದಿ ಅನ್‌ಹೋಲಿ ತ್ರೀ'. ಮುದುಕಿ, ಗಿಳಿ, ಗೊಂಬೆ ಹಿಡಿದು ಐದು ದನಿ ಒಬ್ಬನೇ ತೆಗೆದ. ಎಲ್ಲವೂ ತನ್ನವೇ ಅಂತ ಪ್ರಮಾಣಪತ್ರಕ್ಕೆ ಸಹಿಯನ್ನೂ ಹಾಕಿದ. ಆದರೆ ಅಷ್ಟರಾಗ ಕ್ಯಾನ್ಸರ್ ಹಿಡಿದಿತ್ತು. ಚಿತ್ರ ಬಂದ ಕೆಲವೇ ವಾರದಾಗ, ಆಗಸ್ಟ್ 26ಕ್ಕೆ, ಗಂಟಲಲ್ಲಿ ರಕ್ತ ಒಡೆದು ತೀರಿಕೊಂಡ. ವಯಸ್ಸು 47. ಕಡೆಯ ದಿನಗಳಲ್ಲಿ ದನಿ ಹೊರಡದೆ, ತಾಯಿಯೊಡನೆ ಆಡಿದ ಆ ಕೈಸನ್ನೆಯಲ್ಲೇ ಮಾತಾಡಿದನಂತೆ.

ಮಗ ಮುಂದೆ ಅಪ್ಪನ ಹೆಸರನ್ನೇ ಇಟ್ಟುಕೊಂಡು ನಟನಾದ. ಅಪ್ಪನ ಸಮಾಧಿ ಮ್ಯಾಲೆ ಮಾತ್ರ ಹೆಸರಿಲ್ಲ.