ವಿಧಿಯ ಕಾವಲುಗಾರರು: ‘ಫೈನಲ್ ಫ್ಯಾಂಟಸಿ 7’ರ ಮರುನಿರ್ಮಾಣ ಮತ್ತು ಆಟಗಾರರ ಅಭಿಪ್ರಾಯಭೇದ

2020ರ ಏಪ್ರಿಲ್ 10ರಂದು ಪ್ಲೇಸ್ಟೇಷನ್ 4ಕ್ಕೆ ಬಿಡುಗಡೆಯಾದ ‘ಫೈನಲ್ ಫ್ಯಾಂಟಸಿ 7 ರೀಮೇಕ್’ ಎಂಬ ಜಪಾನಿ ವಿಡಿಯೊ ಗೇಮಿನಲ್ಲಿ ಮುಸುಕು ಹೊದ್ದ ಬೂದು ಆಕೃತಿಗಳ ಹಿಂಡೊಂದು ಮತ್ತೆಮತ್ತೆ ಎದುರಾಗುತ್ತದೆ. ಇಂಗ್ಲಿಷ್ ಆವೃತ್ತಿಯಲ್ಲಿ ಇವಕ್ಕೆ ವಿಸ್ಪರ್‌ಗಳೆಂದು ಹೆಸರು. ಎರಡನೆಯ ರಿಯಾಕ್ಟರನ್ನು ಸ್ಫೋಟಿಸಲು ಹೊರಟ ಬಂಡಾಯಗಾರರು ಕಥಾನಾಯಕ ಕ್ಲೌಡ್‌ನನ್ನು ಬಿಟ್ಟುಹೋಗಲು ತೀರ್ಮಾನಿಸುತ್ತಾರೆ. ಆಗ ಈ ಆಕೃತಿಗಳು ದಾಳಿಯಿಡುತ್ತವೆ, ಜೆಸ್ಸಿ ಎಂಬ ಸದಸ್ಯೆಯ ಕಾಲಿಗೆ ಪೆಟ್ಟಾಗುತ್ತದೆ, ಅವಳ ಜಾಗಕ್ಕೆ ಕ್ಲೌಡ್ ಹೋಗಲೇಬೇಕಾಗುತ್ತದೆ. ಮುಂದೆ ಒಂದು ಕಟ್ಟಡದಲ್ಲಿ ಬಂಡಾಯಗಾರರ ನಾಯಕ ಬ್ಯಾರೆಟ್‌ನನ್ನು ಖಳನಾಯಕ ಸೆಫಿರಾತ್ ಕತ್ತಿಯಿಂದ ಇರಿದಾಗ ಅವೇ ಬಂದು ಅವನನ್ನು ಬದುಕಿಸುತ್ತವೆ. 1997ರ ಮೂಲ ಗೇಮಿನಲ್ಲಿ ಕ್ಲೌಡ್ ಆ ಕಾರ್ಯಾಚರಣೆಗೆ ಹೋಗಿದ್ದ, ಬ್ಯಾರೆಟ್ ಆ ಕಟ್ಟಡದಲ್ಲಿ ಸತ್ತಿರಲಿಲ್ಲ. ಹಳೆಯ ಕಥೆ ನಡೆದಂತೆಯೇ ನಡೆಯಬೇಕೆಂದು ನೋಡಿಕೊಳ್ಳುವುದೇ ವಿಸ್ಪರ್‌ಗಳ ಕೆಲಸ. ಆ ಹಳೆಯ ಕಥೆಯಲ್ಲಿ ವಿಸ್ಪರ್‌ಗಳೇ ಇರಲಿಲ್ಲ ಎಂಬುದು ಬೇರೆ ಮಾತು.

ಈ ಮರುನಿರ್ಮಾಣದ ಬಗ್ಗೆ ಆಟಗಾರರಲ್ಲಿ ಎದ್ದ ವಾದವಿವಾದವನ್ನು ‘ಹಳೆಯದನ್ನು ಬಯಸುವವರು’ ಮತ್ತು ‘ಹೊಸತನ್ನು ಒಪ್ಪುವವರು’ ಎಂಬ ಎರಡು ಪಾಳೆಯಗಳ ಜಗಳವಾಗಿ ನೋಡುವುದು ರೂಢಿ. ಆ ವಿಂಗಡಣೆ ಸಾಲದು ಎಂಬುದು ಈ ಲೇಖನದ ನಿಲುವು. 1997ರ ಕೃತಿಯಲ್ಲಿ ಬಹುಭಾಗವನ್ನು ಆಟಗಾರರೇ ತಮ್ಮ ಕಲ್ಪನೆಯಿಂದ ತುಂಬಿಕೊಂಡಿದ್ದರು. ಮರುನಿರ್ಮಾಣ ಆ ಕೆಲಸವನ್ನು ಅವರ ಕೈಯಿಂದ ತೆಗೆದುಕೊಂಡಿತು. ಪ್ರತಿಯಾಗಿ ಅವರ ನಿರೀಕ್ಷೆಯನ್ನೇ ಒಂದು ಪಾತ್ರವಾಗಿಸಿ ಕಥೆಯೊಳಗೆ ನಿಲ್ಲಿಸಿತು. ಅಭಿಪ್ರಾಯಗಳು ಬಿರುಸಾದದ್ದು ಈ ಕೊಡುಕೊಳ್ಳುವಿಕೆಯಿಂದ. ನಾನಿಲ್ಲಿ ತಲೆ ಎಣಿಸಲು ಹೊರಟಿಲ್ಲ. ಆಟಗಾರರು ಬಹಿರಂಗವಾಗಿ ಮಂಡಿಸುತ್ತ ಬಂದಿರುವ ವಾದಗಳ ಒಳತರ್ಕವಷ್ಟೇ ಇಲ್ಲಿನ ವಿಷಯ.

ಹಿನ್ನೆಲೆ

ಸ್ಕ್ವೇರ್ ಕಂಪನಿಯ ‘ಫೈನಲ್ ಫ್ಯಾಂಟಸಿ 7’ ಜಪಾನಿನಲ್ಲಿ ಹೊರಬಂದದ್ದು 1997ರ ಜನವರಿ 31ರಂದು. ಸರಣಿಯ ಮೊದಲ ಆರು ಕಂತುಗಳು ನಿಂಟೆಂಡೊ ಯಂತ್ರಗಳಿಗೆ ಬಂದಿದ್ದವು. ಏಳನೆಯದಕ್ಕೆ ಸಿ.ಡಿ.ಯಷ್ಟು ಜಾಗ ಬೇಕಿದ್ದರಿಂದ ಸ್ಕ್ವೇರ್ ಸೋನಿಯ ಪ್ಲೇಸ್ಟೇಷನ್ ಕಡೆ ಹೊರಳಿತು. ಗೇಮು ಮೂರು ಸಿ.ಡಿ.ಗಳನ್ನು ತುಂಬಿತು. ನಿರ್ದೇಶನ ಯೊಶಿನೋರಿ ಕಿತಾಸೆ ಅವರದು, ನಿರ್ಮಾಣ ಹಿರೊನೊಬು ಸಕಾಗುಚಿ ಅವರದು, ಪಾತ್ರವಿನ್ಯಾಸ ತೆತ್ಸುಯಾ ನೊಮುರಾ ಅವರದು, ಸಂಗೀತ ನೊಬುವೊ ಉಏಮಾತ್ಸು ಅವರದು. ಭೂಮಿಯ ಜೀವಸತ್ವವನ್ನು ಹೀರಿ ವಿದ್ಯುತ್ ಮಾಡುವ ಶಿನ್ರಾ ಕಂಪನಿ, ಅದರ ವಿರುದ್ಧ ಬಾಂಬಿಡುವ ಬಂಡಾಯಗಾರರು, ಉಕ್ಕಿನ ತಟ್ಟೆಯ ಮೇಲೆ ಸಿರಿವಂತರೂ ತಟ್ಟೆಯಡಿ ಬಡವರೂ ಬದುಕುವ ಮಿಡ್‌ಗಾರ್ ನಗರ, ಮೊದಲ ಸಿ.ಡಿ. ಮುಗಿಯುವ ಹೊತ್ತಿಗೆ ಕೊಲೆಯಾಗುವ ಹೂ ಮಾರುವ ಹುಡುಗಿ ಏರಿತ್: ಒಂದು ತಲೆಮಾರಿನ ಆಟಗಾರರಿಗೆ ಇವು ಬಾಯಿಪಾಠ.

2005ರಲ್ಲಿ ಪ್ಲೇಸ್ಟೇಷನ್ 3ರ ಸಾಮರ್ಥ್ಯ ತೋರಿಸಲೆಂದು ಈ ಗೇಮಿನ ಆರಂಭದ ದೃಶ್ಯವನ್ನು ಹೊಸದಾಗಿ ರೂಪಿಸಿ ಪ್ರದರ್ಶಿಸಲಾಯಿತು. ಅದು ತಂತ್ರಜ್ಞಾನದ ಪ್ರದರ್ಶನ ಮಾತ್ರ ಎಂದು ಕಂಪನಿ ಹೇಳಿದರೂ ಆಸೆ ಹುಟ್ಟಿಯಾಗಿತ್ತು. ಅಧಿಕೃತ ಘೋಷಣೆಗೆ 2015ರ ಜೂನ್ ಬರಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಗೇಮು ಒಂದಾಗಿ ಬರುವುದಿಲ್ಲ, ಭಾಗಗಳಾಗಿ ಬರುತ್ತದೆ ಎಂದು ತಿಳಿಯಿತು. ಹಾಗೆ ಬಂದ ಮೊದಲ ಭಾಗ ಮಿಡ್‌ಗಾರ್ ನಗರದಲ್ಲೇ ಶುರುವಾಗಿ, ಆ ನಗರದ ಹೊರವಲಯದಲ್ಲೇ ಮುಗಿಯುತ್ತದೆ. ಮೊದಲ ಮೂರು ದಿನಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ಡಬ್ಬಿಯ ಮೇಲೆ ‘ಭಾಗ 1’ ಎಂದು ನಮೂದಿಸದಿದ್ದುದೇ ಮೊದಮೊದಲ ಆಕ್ಷೇಪಗಳಲ್ಲಿ ಒಂದಾಗಿತ್ತು.

ನಮ್ಮ ಚಿತ್ರರಂಗದ ರೀಮೇಕುಗಳಲ್ಲಿ ಒಬ್ಬರ ಕಥೆಯನ್ನು ಮತ್ತೊಬ್ಬರು ಮತ್ತೊಂದು ಭಾಷೆಗೆ ತರುತ್ತಾರೆ. ಇಲ್ಲಿ ಹಾಗಲ್ಲ. ಕಿತಾಸೆ ನಿರ್ಮಾಪಕರಾಗಿ, ನೊಮುರಾ ನಿರ್ದೇಶಕರಾಗಿ, ಮೂಲದ ಕಥೆ ಬರೆದವರಲ್ಲಿ ಒಬ್ಬರಾದ ಕಜುಶಿಗೆ ನೊಜಿಮಾ ಮತ್ತೆ ಬರಹಗಾರರಾಗಿ ಮರಳಿದರು. ಯೌವನದಲ್ಲಿ ಮಾಡಿದ್ದನ್ನು ನಡುವಯಸ್ಸು ದಾಟಿದ ಅದೇ ಕೈಗಳು ತಿದ್ದುತ್ತಿವೆ. ಹೀಗಾಗಿ ಕೃತಿಕಾರನ ಆಶಯವನ್ನು ಮುಂದಿಟ್ಟು ವಾದಿಸುವ ಸೌಲಭ್ಯ ಮೂಲನಿಷ್ಠರಿಗೆ ಸಿಗಲಿಲ್ಲ.

ಮೂಲ ಎಂಬುದರ ಪಾಠಾಂತರಗಳು

ಮೂಲನಿಷ್ಠೆಯ ವಾದವನ್ನು ಗ್ರಂಥಸಂಪಾದಕನ ಕಣ್ಣಿನಿಂದ ನೋಡಿದರೆ ಮೊದಲು ಕೇಳಬೇಕಾದದ್ದು: ಯಾವ ಪ್ರತಿ ಮೂಲ? ಜನವರಿಯ ಜಪಾನಿ ಪ್ರತಿಯಲ್ಲಿ ರೂಬಿ ವೆಪನ್, ಎಮರಾಲ್ಡ್ ವೆಪನ್ ಎಂಬ ದೈತ್ಯ ಎದುರಾಳಿಗಳಿರಲಿಲ್ಲ. ಸೆಪ್ಟೆಂಬರಿನ ಅಮೆರಿಕದ ಪ್ರತಿಗಾಗಿ ಅವನ್ನು ಸೇರಿಸಲಾಯಿತು. ಬಳಿಕ ‘ಇಂಟರ್‌ನ್ಯಾಷನಲ್’ ಆವೃತ್ತಿಯ ಮೂಲಕ ಅವು ಜಪಾನಿಗೆ ಬಂದವು. 1998ರಲ್ಲಿ ಪಿಸಿ ಆವೃತ್ತಿ ಬಂತು. ಇವುಗಳ ಜೊತೆಗೆ 2005ರ ‘ಅಡ್ವೆಂಟ್ ಚಿಲ್ಡ್ರನ್’ ಚಲನಚಿತ್ರ ಮತ್ತು 2007ರ ‘ಕ್ರೈಸಿಸ್ ಕೋರ್’ ಗೇಮು ಹಳೆಯ ಕಥೆಯ ಹಿಂದುಮುಂದನ್ನು ಬೆಳೆಸಿದವು. ಮೂಲದ ಕ್ಲೌಡ್ ತಮಾಷೆಗೂ ಒದಗುವ, ಜಂಬ ಕೊಚ್ಚುವ ಹುಡುಗ. ಮಂಕು ಮುಖದ, ಮಾತು ಕಡಿಮೆಯಾದ ಕ್ಲೌಡ್ ಬಹುಮಟ್ಟಿಗೆ ಆ ಚಲನಚಿತ್ರದ ಕೊಡುಗೆ. ‘ನನ್ನ ಕ್ಲೌಡ್ ಹೀಗಿರಲಿಲ್ಲ’ ಎನ್ನುವ ಇಬ್ಬರು ಎರಡು ಬೇರೆ ಪ್ರತಿಗಳನ್ನು ಇಟ್ಟುಕೊಂಡು ಮಾತಾಡುತ್ತಿರಬಹುದು.

ಕೈಯ ನೆನಪು

ಕಾದಂಬರಿ ಸಿನಿಮಾ ಆದಾಗ ಓದುಗನಿಗೆ ಕಥೆ, ಪಾತ್ರ, ಭಾಷೆ ಬದಲಾದವು ಎಂಬ ದೂರಿರುತ್ತದೆ. ಗೇಮಿನಲ್ಲಿ ಇನ್ನೊಂದು ಪದರವಿದೆ: ಆಟಗಾರ ತಾನೇ ಮಾಡಿದ ಕ್ರಿಯೆ. ಓದುವವನ ಶ್ರಮವಿಲ್ಲದೆ ಮುಂದೆ ಸರಿಯದ ಇಂಥ ಪಠ್ಯಗಳನ್ನು ಕುರಿತ ಎಸ್ಪೆನ್ ಆರ್ಸೆತ್ ಅವರ ‘ಸೈಬರ್‌ಟೆಕ್ಸ್ಟ್’ ಗ್ರಂಥ ಪ್ರಕಟವಾದದ್ದೂ ಕಾಕತಾಳೀಯವಾಗಿ 1997ರಲ್ಲೇ.

ಮೂಲದ ಕಾಳಗ ನಡೆಯುತ್ತಿದ್ದುದು ಹಿರೊಯುಕಿ ಇತೋ ರೂಪಿಸಿದ, 1991ರ ನಾಲ್ಕನೆಯ ಕಂತಿನಲ್ಲಿ ಮೊದಲು ಬಳಕೆಗೆ ಬಂದ ಎಟಿಬಿ ಕ್ರಮದಲ್ಲಿ. ಪ್ರತಿ ಪಾತ್ರಕ್ಕೂ ಒಂದು ಪಟ್ಟಿ ತುಂಬಬೇಕು. ತುಂಬಿದಾಗ ಆಜ್ಞೆಗಳ ಸಾಲಿನಿಂದ ಒಂದನ್ನು ಆರಿಸಬೇಕು. ಸಾಲಾಗಿ ನಿಂತ ಮೂವರು, ಎದುರಿಗೆ ಶತ್ರು, ನಡುವೆ ಯೋಚಿಸಲು ಬಿಡುವು. 2020ರದ್ದು ಬೇರೆ ಬಗೆ. ಪಾತ್ರವನ್ನು ನೇರವಾಗಿ ಓಡಿಸಬೇಕು, ಹೊಡೆಯಬೇಕು, ತಪ್ಪಿಸಿಕೊಳ್ಳಬೇಕು. ಹೊಡೆದಷ್ಟೂ ಎಟಿಬಿ ಪಟ್ಟಿ ಬೇಗ ತುಂಬುತ್ತದೆ. ಆಜ್ಞೆ ಆರಿಸುವಾಗ ಕಾಲ ಬಹುತೇಕ ನಿಂತಂತಾಗುತ್ತದೆ. ಎರಡು ಬಗೆಯ ಆಟಗಳನ್ನು ಬೆಸೆದ ಈ ರೀತಿಯನ್ನು ಕಥೆಯ ಬದಲಾವಣೆಗಳಿಗೆ ಮುಖ ಸಿಂಡರಿಸಿದ ಅನೇಕರೂ ಮೆಚ್ಚಿದ್ದಾರೆ. ನನ್ನ ಮಟ್ಟಿಗೂ ಇಡೀ ಯೋಜನೆಯ ಅತ್ಯಂತ ನಿಖರವಾದ ಮರುಚಿಂತನೆ ಇದೇ.

ಆದರೆ ಹಳೆಯ ರೀತಿಯಲ್ಲಿ ಆಡಬಯಸುವವರಿಗಾಗಿ ಇಟ್ಟ ‘ಕ್ಲಾಸಿಕ್’ ಆಯ್ಕೆಯ ಪಾಡು ಗಮನಿಸಬೇಕಾದದ್ದು. ಅದರಲ್ಲಿ ಓಟ, ಹೊಡೆತಗಳನ್ನು ಪಾತ್ರಗಳೇ ನಿಭಾಯಿಸುತ್ತವೆ, ಆಟಗಾರ ಆಜ್ಞೆ ಕೊಟ್ಟರೆ ಸಾಕು. 2020ರಲ್ಲಿ ಇದು ಸುಲಭ ಮಟ್ಟಕ್ಕೆ ಮಾತ್ರ ಅಂಟಿಕೊಂಡಿತ್ತು. ನಿಧಾನವಾಗಿ ಯೋಚಿಸಿ ಆಡುವುದು ಎಂದರೆ ಸುಲಭವಾಗಿ ಆಡುವುದು ಎಂಬ ಗ್ರಹಿಕೆ ಅದರ ಹಿಂದೆ ಇದ್ದಂತಿದೆ. ಹಳಬರಿಗೆ ಚುಚ್ಚಿದ್ದು ಅದೇ. 2021ರ ಜೂನಿನ ‘ಇಂಟರ್‌ಗ್ರೇಡ್’ ಆವೃತ್ತಿಯಲ್ಲಿ ಸಾಮಾನ್ಯ ಮಟ್ಟಕ್ಕೂ ಕ್ಲಾಸಿಕ್ ಆಯ್ಕೆ ದೊರೆಯಿತು.

ತುಂಬಿಹೋದ ಖಾಲಿ ಜಾಗ

ಮೂಲ ಗೇಮಿನಲ್ಲಿ ನಡೆದಾಡುವ ಕ್ಲೌಡ್‌ನ ದೇಹ ಕೆಲವೇ ಕೆಲವು ಬಹುಭುಜಗಳ ಜೋಡಣೆ. ಕೈಗೆ ಬೆರಳಿಲ್ಲ, ಮುಖಕ್ಕೆ ಬಾಯಿಯೇ ಇಲ್ಲವೆನ್ನಬೇಕು. ಮಾತುಗಳು ಪಠ್ಯದ ಚೌಕಗಳಲ್ಲಿ ಬರುತ್ತಿದ್ದವು, ದನಿ ಇರಲಿಲ್ಲ. ಪಠ್ಯದ ಖಾಲಿ ಜಾಗಗಳನ್ನು ಓದುಗನೇ ತುಂಬುತ್ತಾನೆ ಎಂಬ ವೋಲ್ಫ್‌ಗಾಂಗ್ ಈಸರ್ ಅವರ ಸಿದ್ಧಾಂತಕ್ಕೆ ಇದಕ್ಕಿಂತ ಒಪ್ಪುವ ಉದಾಹರಣೆ ಸಿಗುವುದು ಕಷ್ಟ. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಆ ಗೇಮು ಯಂತ್ರದ ಬಡತನದಿಂದಾಗಿಯೇ ಧ್ವನಿಯನ್ನು ನೆಚ್ಚಿಕೊಂಡಿತ್ತು.

ಮರುನಿರ್ಮಾಣ ಎಲ್ಲವನ್ನೂ ಹೇಳುತ್ತದೆ. ಮೂಲದಲ್ಲಿ ಮಿಡ್‌ಗಾರ್ ಕೆಲವು ಗಂಟೆಗಳಲ್ಲಿ ದಾಟಿಹೋಗುವ ನಾಂದಿ. ಇಲ್ಲಿ ಅದನ್ನು ಮುಗಿಸಲು ಸುಮಾರು 30ರಿಂದ 40 ಗಂಟೆ ಬೇಕು. ಈ ಹಿಗ್ಗುವಿಕೆಯ ಬಗೆಗಿನ ಅಭಿಪ್ರಾಯಗಳಲ್ಲಿ ಒಂದು ಸ್ವಾರಸ್ಯವಿದೆ. ಜೆಸ್ಸಿ, ಬಿಗ್ಸ್, ವೆಜ್ ಎಂಬ ಮೂವರು ಬಂಡಾಯಗಾರರು ಹಿಂದೆ ಹೆಸರಿಗಷ್ಟೇ ಇದ್ದವರು; ಅವರಿಗೆ ಮನೆ, ತಂದೆತಾಯಿ, ಚೇಷ್ಟೆ ದೊರೆತದ್ದನ್ನು ಅನೇಕ ಆಟಗಾರರು ಸ್ವಾಗತಿಸಿದರು. ಅದೇ ಗೇಮಿನ ಬೆಕ್ಕು ಹುಡುಕಿಕೊಡುವ, ಇಲಿ ಹೊಡೆಯುವ ಉಪಕಾರ್ಯಗಳನ್ನೂ ಉದ್ದುದ್ದ ಸುರಂಗಗಳಲ್ಲಿ ಯಂತ್ರದ ಕೈಗಳನ್ನು ಅತ್ತಿತ್ತ ಆಡಿಸುವ ಅಧ್ಯಾಯವನ್ನೂ ಕಾಲಹರಣವೆಂದು ಬೈದರು. ಹಾಗಾಗಿ ಬರೀ ಉದ್ದವೇ ಆಕ್ಷೇಪಕ್ಕೆ ಕಾರಣವಾಗಿರಲಾರದು. ಮೊದಲನೆಯದು ಆಟಗಾರ ತುಂಬಲು ಬಯಸಿದ್ದ ಜಾಗವನ್ನು ತುಂಬಿತು. ಎರಡನೆಯದು ಯಾರಿಗೂ ಬೇಕಿಲ್ಲದ ಜಾಗವನ್ನು ಸೃಷ್ಟಿಸಿ ಆಮೇಲೆ ತುಂಬಿತು. (ಇಷ್ಟೆಲ್ಲ ಸಿರಿವಂತಿಕೆಯ ನಡುವೆ ಕ್ಲೌಡ್ ತಂಗಿದ ಕೋಣೆಯ ಬಾಗಿಲ ಚಿತ್ರ ಮಾತ್ರ ಮಸುಕಾಗಿ ಉಳಿದು, ಆಟಗಾರರ ಹಾಸ್ಯಕ್ಕೆ ಬಹುಕಾಲ ವಸ್ತುವಾಯಿತು.)

ಹೆಚ್ಚು ಗಂಭೀರವಾದ ತಕರಾರು ಮಿಡ್‌ಗಾರ್ ನಗರದ ಏಳನೆಯ ವಿಭಾಗದ ತಟ್ಟೆ ಕುಸಿಯುವ ಪ್ರಸಂಗದ್ದು. ಬಂಡಾಯಗಾರರನ್ನು ಹಣಿಯಲೆಂದು ಶಿನ್ರಾ ಕಂಪನಿ ತನ್ನದೇ ನಗರದ ಒಂದು ತುಂಡನ್ನು ಕೊಳೆಗೇರಿಯ ಮೇಲೆ ಬೀಳಿಸುತ್ತದೆ. ಮೂಲದಲ್ಲಿ ಅದು ಸಾಮೂಹಿಕ ಸಾವು, ಆ ಮೂವರದ್ದೂ ಸೇರಿ. ಮರುನಿರ್ಮಾಣದಲ್ಲಿ ಅನೇಕ ನಿವಾಸಿಗಳು ಪಾರಾಗುತ್ತಾರೆ. ವೆಜ್ ಕೆಲಕಾಲ ಬದುಕಿರುತ್ತಾನೆ, ಬಿಗ್ಸ್ ಕೊನೆಯಲ್ಲಿ ಹಾಸಿಗೆಯ ಮೇಲೆ ಉಸಿರಾಡುತ್ತಿರುತ್ತಾನೆ. ಇಲ್ಲಿ ನಾನು ಆಕ್ಷೇಪಿಸುವವರ ಪಕ್ಷ. ಬಂಡಾಯಕ್ಕೆ ಅಮಾಯಕರು ತೆರುವ ಬೆಲೆಯೇ ಆ ಪ್ರಸಂಗದ ತಿರುಳು. ಬೆಲೆ ಇಳಿಸಿದರೆ ಬ್ಯಾರೆಟ್‌ನ ಅಪರಾಧಪ್ರಜ್ಞೆಗೆ ನೆಲೆ ಉಳಿಯುವುದಿಲ್ಲ.

ಕಥೆಗೇ ಗೊತ್ತಿರುವ ಕಥೆ

ಮತ್ತೆ ವಿಸ್ಪರ್‌ಗಳಿಗೆ ಬರೋಣ. ಕೊನೆಯ ಅಧ್ಯಾಯದಲ್ಲಿ ಕ್ಲೌಡ್‌ನ ತಂಡ ಈ ವಿಧಿಯ ಕಾವಲುಗಾರರನ್ನೇ ಎದುರಿಸಿ ಸೋಲಿಸುತ್ತದೆ. ಮೂಲದ ಕಥೆಗಿಂತ ಮೊದಲೇ ಸತ್ತಿದ್ದ, ಕ್ಲೌಡ್‌ನ ಗೆಳೆಯ ಜ್ಯಾಕ್ ಬದುಕಿರುವ ದೃಶ್ಯ ಕಾಣುತ್ತದೆ. ಹಾರಿಬಂದ ಒಂದು ತಿಂಡಿ ಪೊಟ್ಟಣದ ಮೇಲೆ ಸ್ಟ್ಯಾಂಪ್ ಎಂಬ ನಾಯಿಯ ಚಿತ್ರ ಬೇರೆ ತಳಿಯದ್ದಾಗಿರುತ್ತದೆ. ಅದು ಬೇರೊಂದೇ ಲೋಕ ಎಂಬುದಕ್ಕೆ ಅಷ್ಟೇ ಸೂಚನೆ.

ತನ್ನ ಹಿಂದಿನ ರೂಪಗಳನ್ನು ಬಲ್ಲ ಕಥೆ ನಮಗೆ ಹೊಸದಲ್ಲ. ಮೈಸೂರಿನ ಎ.ಕೆ. ರಾಮಾನುಜನ್ ತಮ್ಮ ‘ಮುನ್ನೂರು ರಾಮಾಯಣಗಳು’ ಪ್ರಬಂಧದಲ್ಲಿ ಅಧ್ಯಾತ್ಮ ರಾಮಾಯಣದ ಒಂದು ಸಂದರ್ಭವನ್ನು ಎತ್ತಿಕೊಳ್ಳುತ್ತಾರೆ. ಕಾಡಿಗೆ ಬರಬೇಡವೆಂದು ರಾಮ ಪಟ್ಟು ಹಿಡಿದಾಗ, ಹಿಂದಿನ ಅಸಂಖ್ಯ ರಾಮಾಯಣಗಳಲ್ಲಿ ಯಾವುದರಲ್ಲಾದರೂ ಸೀತೆ ಹೋಗದೆ ಉಳಿದದ್ದುಂಟೇ ಎಂದು ಸೀತೆ ವಾದಿಸಿ ಗೆಲ್ಲುತ್ತಾಳೆ. ಸೀತೆಗೆ ಹಳೆಯ ಕಥೆ ಸಾಕ್ಷಿ. ಕ್ಲೌಡ್‌ನ ತಂಡಕ್ಕೆ ಅದು ಶತ್ರು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ರಾಮಕಥೆಗೆ ಒಡೆಯನಿಲ್ಲ. ಒಂದು ಹೇಳಿಕೆ ಒಪ್ಪದವನು ಮತ್ತೊಂದನ್ನು ಕಟ್ಟಬಹುದು. ಜೈನಕವಿಗಳು ಕಟ್ಟಿದರು, ಕುವೆಂಪು ಕಟ್ಟಿದರು. ಮಿಡ್‌ಗಾರಿನ ಕಥೆ ಸ್ಕ್ವೇರ್‌ನ ಉತ್ತರಾಧಿಕಾರಿ ಸ್ಕ್ವೇರ್ ಎನಿಕ್ಸ್ ಕಂಪನಿಯ ಸೊತ್ತು, ಅದನ್ನು ಅಧಿಕೃತವಾಗಿ ಮರಳಿ ಹೇಳುವ ಹಕ್ಕು ಆ ಕಂಪನಿಗೊಂದಕ್ಕೇ. ಹಳೆಯ ಪಿಸಿ ಆವೃತ್ತಿಗೆ ಹೊಸ ಚಿತ್ರ, ದನಿಗಳನ್ನು ಜೋಡಿಸುವ ಅಭಿಮಾನಿಗಳ ಮಾಡ್‌ಗಳನ್ನು ಬಿಟ್ಟರೆ ಉಳಿದವರಿಗೆ ಇರುವುದು ಅಭಿಪ್ರಾಯ ಮಾತ್ರ. ಕಥೆ ಕಟ್ಟುವ ಹಕ್ಕಿಲ್ಲದ ಕಡೆ ಅಭಿಪ್ರಾಯದ ದನಿ ಏರುವುದು ಸಹಜ.

ಹೋಲಿಕೆಗೆ 2024ರ ನವೆಂಬರಿನಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್ 3’ರ ಮರುನಿರ್ಮಾಣವನ್ನು ನೋಡಬಹುದು. 1988ರ ಕಥೆಯ ಬೆನ್ನೆಲುಬನ್ನೂ ಸರದಿಯ ಕಾಳಗವನ್ನೂ ಅದು ಹಾಗೇ ಉಳಿಸಿಕೊಂಡಿತು. ಅಲ್ಲಿನ ತಕರಾರು ಹೊಸ ವೃತ್ತಿವರ್ಗವೊಂದರ ಬಲ, ಆಟದ ಕಠಿಣತೆಯ ಏರುಪೇರು ಇಂಥ ವಿವರಗಳದ್ದು. ಕಥೆಗೆ ದ್ರೋಹವಾಯಿತೆಂಬ ಮಾತು ಅಷ್ಟಾಗಿ ಏಳಲಿಲ್ಲ; ಹಾಗೆಯೇ ಅದನ್ನು ಇಷ್ಟು ಆಳವಾಗಿ ವ್ಯಾಖ್ಯಾನಿಸಲು ಹೋದವರೂ ಕಡಿಮೆ.

ವಿಸ್ಪರ್‌ಗಳನ್ನು ‘ಮೂಲನಿಷ್ಠ ಆಟಗಾರರ ಅಣಕ’ ಎಂದು ಓದಿದವರು ಅನೇಕರು. ಆ ಓದಿನಲ್ಲಿ ಅರ್ಧ ಸತ್ಯವಿದೆ. 1997ರ ನಂತರ ವರ್ಷಗಟ್ಟಲೆ ಆಟಗಾರರು ಏರಿತ್‌ಳನ್ನು ಬದುಕಿಸುವ ಗುಟ್ಟಿನ ದಾರಿ ಹುಡುಕಿದರು. ಇಂಥ ವಸ್ತು ತಂದರೆ, ಇಂಥ ಕಡೆ ನಿಂತರೆ ಎಂಬ ವದಂತಿಗಳು ಬಾಯಿಂದ ಬಾಯಿಗೆ ಹಬ್ಬಿದವು. ಅಂಥ ದಾರಿ ಗೇಮಿನಲ್ಲಿ ಇರಲೇ ಇಲ್ಲ. ವಿಧಿಯನ್ನು ಮುರಿಯಬೇಕೆಂಬ ಬಯಕೆ ಹೊರಗಿನಿಂದ ಬಂದದ್ದಲ್ಲ. ‘ಬದಲಾಯಿಸಬೇಡಿ’ ಎಂದು ಇಂದು ಹೇಳುವ ತಲೆಮಾರಿನದ್ದೇ ಆಗಿತ್ತು. ವಿದ್ವಾಂಸೆ ಸ್ವೆಟ್ಲಾನಾ ಬಾಯ್ಮ್ ಗತದ ಹಂಬಲವನ್ನು ಎರಡಾಗಿ ವಿಂಗಡಿಸುತ್ತಾರೆ: ಕಳೆದದ್ದನ್ನು ಇದ್ದಂತೆಯೇ ಮರಳಿ ಕಟ್ಟುವ ಹಟ, ಕಳೆದುಹೋಯಿತೆಂಬುದನ್ನೇ ಮೆಲುಕು ಹಾಕುವ ಮನಸ್ಸು. ಇಲ್ಲಿ ಇವೆರಡೂ ಒಬ್ಬನೇ ಆಟಗಾರನಲ್ಲಿ ಜೊತೆಯಾಗಿವೆ. ಕಾವಲುಗಾರನೂ ಅವನೇ, ಕಾವಲು ಮುರಿಯುವವನೂ ಅವನೇ.

2024ರ ಭಾಗ

ಎರಡನೆಯ ಭಾಗ ‘ರೀಬರ್ತ್’ 2024ರ ಫೆಬ್ರುವರಿ 29ರಂದು ಬಂತು. ವಿಶಾಲ ಬಯಲುಗಳು, ಲೆಕ್ಕವಿಲ್ಲದ ಕಿರುಆಟಗಳು, ಪ್ರತಿ ಪ್ರದೇಶದಲ್ಲೂ ಚ್ಯಾಡ್ಲಿ ಎಂಬ ಹುಡುಗ ಹಚ್ಚುವ ಸಮೀಕ್ಷೆಯ ಕೆಲಸಗಳು: ಇವುಗಳ ಬಗ್ಗೆ ಹಳೆಯ ಹೊಗಳಿಕೆ, ಹಳೆಯ ಗೊಣಗಾಟವೇ ಮುಂದುವರಿದವು. ಇಸ್ಪೀಟಿನ ಹಾಗೆ ಆಡುವ ‘ಕ್ವೀನ್ಸ್ ಬ್ಲಡ್’ ಮಾತ್ರ ತನ್ನದೇ ಭಕ್ತರನ್ನು ಗಳಿಸಿತು.

ಈ ಭಾಗ ಮುಗಿಯುವುದು ಏರಿತ್‌ಳ ಸಾವಿನ ಜಾಗದಲ್ಲಿ. ಸೆಫಿರಾತ್‌ನ ಕತ್ತಿಯನ್ನು ಕ್ಲೌಡ್ ತಡೆದಂತೆ ಕಾಣುತ್ತದೆ. ಮರುಕ್ಷಣ ಅವಳು ರಕ್ತದಲ್ಲಿ ಮಲಗಿರುತ್ತಾಳೆ. ಅದರ ಮರುಕ್ಷಣ ಕ್ಲೌಡ್‌ನೊಡನೆ ಮಾತಾಡುತ್ತಾಳೆ. ಜೊತೆಗಾರರು ಅಳುತ್ತಾರೆ, ಕ್ಲೌಡ್‌ಗೆ ಮಾತ್ರ ಅವಳು ಕಾಣುತ್ತಾಳೆ. ಮೂಲದಲ್ಲಿ ಅವನು ಅವಳನ್ನು ನೀರಿಗೆ ಬಿಡುವ ದೃಶ್ಯ ಇಲ್ಲಿಲ್ಲ. ಬದಲಾವಣೆಯನ್ನು ವಿರೋಧಿಸಿದವರಿಗೆ ಶೋಕದ ಆ ವಿಧಿ ದಕ್ಕಲಿಲ್ಲ, ಬದಲಾವಣೆಗಾಗಿ ಕಾದವರಿಗೆ ಅವಳು ಉಳಿಯಲಿಲ್ಲ. 2020ರಲ್ಲಿ ಆಟಗಾರರ ಆಕ್ಷೇಪ ‘ಯಾಕೆ ಬದಲಾಯಿಸಿದಿರಿ’ ಎಂಬುದಾಗಿತ್ತು. 2024ರಲ್ಲಿ ಅದು ‘ಬದಲಾಯಿಸಿದ್ದೀರೋ ಇಲ್ಲವೋ ಹೇಳಿ’ ಎಂದಾಯಿತು. ಈ ಎರಡನೆಯ ಪ್ರಶ್ನೆಯನ್ನು ಕೇಳುತ್ತಿರುವವರಲ್ಲಿ ಎರಡೂ ಪಾಳೆಯದವರಿದ್ದಾರೆ.