ಸಾರ್ವಜನಿಕ ಸಂಪರ್ಕ ವೃತ್ತಿಯಲ್ಲಿ ವಿವೇಚನೆಯ ಸ್ಥಾನ

ಸಂಸ್ಥೆಯೊಂದರ ಪರವಾಗಿ ಲೋಕದೊಡನೆ ಮಾತನಾಡುವುದನ್ನೇ ವೃತ್ತಿಯಾಗಿ ಕೈಕೊಂಡವರು ತಮ್ಮ ಯಜಮಾನನಿಗೆ ಎರಡು ಬಗೆಯ ಸೇವೆಯನ್ನು ಸಲ್ಲಿಸಬಲ್ಲರು: ಆತನು ಮಾಡಿದುದನ್ನು ಜನರಿಗೆ ಒಪ್ಪುವಂತೆ ಹೇಳುವುದು ಒಂದು, ಜನರು ಒಪ್ಪಲಾರದುದನ್ನು ಮಾಡಬೇಡವೆಂದು ಆತನಿಗೇ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ವಾಕ್ಚಾತುರ್ಯ ಸಾಕು. ಎರಡನೆಯದಕ್ಕೆ ವಿವೇಚನೆ ಬೇಕು, ಆ ವಿವೇಚನೆಗೆ ಕಿವಿಗೊಡುವ ಯಜಮಾನನೂ ಬೇಕು. ಸಾರ್ವಜನಿಕ ಸಂಪರ್ಕವೆಂಬ ಈ ವೃತ್ತಿಯ ಶತಮಾನಕ್ಕೆ ಮೀರಿದ ಚರಿತ್ರೆಯನ್ನು ನಾನು ಆ ಎರಡನೆಯ ಸೇವೆಯ ಏಳುಬೀಳುಗಳ ಚರಿತ್ರೆಯೆಂದೇ ಓದುತ್ತೇನೆ.

ಈ ವೃತ್ತಿಯ ಆದಿಪುರುಷರಲ್ಲೊಬ್ಬನಾದ ಐವಿ ಲೀ ಅಮೆರಿಕದ ಪತ್ರಿಕಾರಂಗದಿಂದ ಬಂದವನು. ಅಪಘಾತವಾದೊಡನೆ ವರದಿಗಾರರನ್ನು ದೂರವಿರಿಸಿ ಸುದ್ದಿಯನ್ನು ಅಡಗಿಸುವುದೇ ಅಲ್ಲಿಯ ರೈಲ್ವೆ ಕಂಪನಿಗಳ ರೂಢಿಯಾಗಿದ್ದ ಕಾಲವದು. 1906ರ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯ ರೈಲ್ವೆಯ ಗಾಡಿಯೊಂದು ಸೇತುವೆಯಿಂದ ನೀರಿಗುರುಳಿ 50ಕ್ಕೂ ಹೆಚ್ಚು ಮಂದಿ ಅಸುನೀಗಿದಾಗ, ಲೀ ಕಂಪನಿಯ ಹೇಳಿಕೆಯನ್ನು ಸಿದ್ಧಪಡಿಸಿ ಪತ್ರಿಕೆಗಳಿಗೆ ತಾನಾಗಿಯೇ ಹಂಚಿದನು. ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದಂತೆಯೇ ಅಚ್ಚುಮಾಡಿತು. ಅದೇ ವರ್ಷ ಕಲ್ಲಿದ್ದಲ ಗಣಿಗಳ ವಿವಾದದ ಸಂದರ್ಭದಲ್ಲಿ ಆತನು ಸಂಪಾದಕರಿಗೆ ಕಳುಹಿಸಿದ ತತ್ತ್ವಪ್ರಕಟಣೆಯು, ತನ್ನ ಕಚೇರಿಯ ಕೆಲಸವೆಲ್ಲ ಬಹಿರಂಗವಾದುದೆಂದೂ, ತಾನು ಕೊಡುವ ಸಂಗತಿಗಳ ನಿಜವನ್ನು ಪರೀಕ್ಷಿಸಬಯಸುವ ಸಂಪಾದಕನಿಗೆ ನೆರವಾಗುವುದೆಂದೂ ಮಾತು ಕೊಟ್ಟಿತು.

ಹಾಗೆ ಮಾತು ಕೊಟ್ಟವನೇ ಎಂಟು ವರ್ಷಗಳ ತರುವಾಯ ಅದನ್ನು ಉಳಿಸಿಕೊಳ್ಳಲಾರದೆ ಹೋದನು. 1914ರ ಏಪ್ರಿಲ್ 20ರಂದು ಕೊಲರಾಡೊ ಪ್ರಾಂತದ ಲಡ್ಲೋ ಎಂಬಲ್ಲಿ, ರಾಕ್‌ಫೆಲರ್ ಮನೆತನದ ಒಡೆತನದಲ್ಲಿದ್ದ ಗಣಿಗಳ ಮುಷ್ಕರನಿರತ ಕಾರ್ಮಿಕರ ಡೇರೆಗಳು ಉರಿದು, ಮಕ್ಕಳೂ ಹೆಂಗಸರೂ ಸತ್ತರು. ಆ ಬಳಿಕ ಲೀ ಗಣಿಯೊಡೆಯರ ಪರವಾಗಿ ಹೊರಡಿಸಿದ ಕರಪತ್ರಗಳಲ್ಲಿ ಕಾರ್ಮಿಕ ನಾಯಕರ ಸಂಬಳವನ್ನು ಎಷ್ಟೋ ಪಾಲು ಹೆಚ್ಚಿಸಿ ತೋರಿಸಲಾಗಿದ್ದಿತು. ವಿಚಾರಣಾ ಆಯೋಗದ ಮುಂದೆ ನಿಂತಾಗ ಆತನು, ಒಡೆಯರು ಕೊಟ್ಟ ಅಂಕಿಅಂಶಗಳನ್ನು ತಾನು ಪರೀಕ್ಷಿಸಲೇ ಇಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಆತನನ್ನು ವಿಷದ ಬಳ್ಳಿಯೆಂದು ಕರೆದನು. ಆದರೆ ಇದೇ ಲೀ ಕಿರಿಯ ರಾಕ್‌ಫೆಲರನಿಗೆ ಗಣಿಗಳನ್ನು ಸ್ವತಃ ಹೋಗಿ ನೋಡಬೇಕೆಂದು ಸಲಹೆಯಿತ್ತವರಲ್ಲಿ ಒಬ್ಬನಾಗಿದ್ದನು; 1915ರಲ್ಲಿ ರಾಕ್‌ಫೆಲರ್ ಗಣಿಗಾರರ ನಡುವೆ ಓಡಾಡಿ, ಅವರ ಮನೆಗಳನ್ನು ಹೊಕ್ಕು ಬಂದನು. ಪರೀಕ್ಷಿಸದ ಅಂಕಿಯನ್ನು ಮುದ್ರಿಸಿದ ಲೀಯನ್ನೂ ಯಜಮಾನನನ್ನು ಸ್ಥಳಕ್ಕೆ ಕಳುಹಿಸಿದ ಲೀಯನ್ನೂ ಒಟ್ಟಿಗೆ ನೆನೆಯದೆ ಈ ವೃತ್ತಿಯ ಸ್ವಭಾವವನ್ನು ಅರಿಯಲಾಗದು.

ಎಡ್ವರ್ಡ್ ಬರ್ನೇಸನ ವಿವೇಚನೆ ಬೇರೊಂದು ದಿಕ್ಕಿಗೆ ತಿರುಗಿದ್ದಿತು. ಸಿಗ್ಮಂಡ್ ಫ್ರಾಯ್ಡನ ಸೋದರಳಿಯನಾದ ಈತನು ಮನಶ್ಶಾಸ್ತ್ರವನ್ನು ಜನಾಭಿಪ್ರಾಯದ ನಿರ್ಮಾಣಕ್ಕೆ ಬಳಸಿದವನು. ತನ್ನನ್ನು ನ್ಯಾಯವಾದಿಯಂತಹ ಸಲಹೆಗಾರನೆಂದು ಭಾವಿಸಿದವನು. 1929ರ ಈಸ್ಟರ್ ಹಬ್ಬದಂದು ನ್ಯೂಯಾರ್ಕಿನ ಪ್ರಮುಖ ಬೀದಿಯಲ್ಲಿ ತರುಣಿಯರು ಸಿಗರೇಟು ಹಚ್ಚಿ ನಡೆದರು. ಸ್ತ್ರೀಸ್ವಾತಂತ್ರ್ಯದ ಸಂಕೇತವಾಗಿ ತೋರಿದ ಆ ದೃಶ್ಯದ ಹಿಂದೆ ತಂಬಾಕು ಕಂಪನಿಯ ಹಣವಿದ್ದಿತು, ಬರ್ನೇಸನ ಯೋಜನೆಯಿದ್ದಿತು. ಜನರ ಮನಸ್ಸನ್ನು ಅಷ್ಟು ಸೂಕ್ಷ್ಮವಾಗಿ ಅಳೆಯಬಲ್ಲವನು ತಾನು ಮಾರುತ್ತಿರುವ ವಸ್ತುವನ್ನು ಅಳೆಯದೆ ಬಿಟ್ಟನು. ಮುಪ್ಪಿನಲ್ಲಿ ಆತನು ಧೂಮಪಾನದ ವಿರುದ್ಧ ದುಡಿದುದೂ, ಈ ವೃತ್ತಿಗೆ ಸರ್ಕಾರದ ಪರವಾನಗಿ ಬೇಕೆಂದು ವಾದಿಸಿದುದೂ ನಿಜ. ಅಷ್ಟರಲ್ಲಿ ತಂಬಾಕಿನವರು ಇನ್ನೂ ಮುಂದೆ ಹೋಗಿದ್ದರು: 1954ರ ಜನವರಿಯಲ್ಲಿ, ಹಿಲ್ ಅಂಡ್ ನೋಲ್ಟನ್ ಸಂಸ್ಥೆಯ ಸಲಹೆಯಂತೆ, 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಹೇಳಿಕೆಯೊಂದನ್ನು ಪ್ರಕಟಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ಸಂಶಯದ ಮಂಜಿನಲ್ಲಿ ಮುಚ್ಚಿದರು. ಈ ಕಸುಬಿನ ಅತ್ಯಂತ ನಿಪುಣ ಬುದ್ಧಿಗಳು ಅತ್ಯಂತ ದೀರ್ಘಕಾಲ ಮಾಡಿದ ಕೇಡು ಇದೆಂದು ನನ್ನ ಎಣಿಕೆ.

ಲೀ ಮತ್ತು ಬರ್ನೇಸರ ನಡುವೆ, ಅಷ್ಟಾಗಿ ಹೆಸರು ಕೇಳಿಬರದ ಆರ್ಥರ್ ಪೇಜ್ ನಿಲ್ಲುತ್ತಾನೆ. 1927ರಲ್ಲಿ ಅಮೆರಿಕದ ಬೃಹತ್ ಟೆಲಿಫೋನ್ ಕಂಪನಿಯಾದ ಎ.ಟಿ. ಅಂಡ್ ಟಿ.ಯು ಆತನನ್ನು ಉಪಾಧ್ಯಕ್ಷನನ್ನಾಗಿ ಕರೆದಾಗ, ಬರಿಯ ಪ್ರಚಾರದ ಕೆಲಸಕ್ಕಾದರೆ ತಾನು ಬಾರೆನೆಂದೂ, ಕಂಪನಿಯ ನೀತಿಯನ್ನು ರೂಪಿಸುವುದರಲ್ಲಿ ತನಗೆ ಪಾಲಿರಬೇಕೆಂದೂ ಷರತ್ತು ಹಾಕಿದನು. ಪ್ರಜಾಪ್ರಭುತ್ವದಲ್ಲಿ ವ್ಯಾಪಾರವು ಜನರ ಅನುಮತಿಯಿಂದ ಬದುಕುವುದಾದ್ದರಿಂದ, ಆ ಅನುಮತಿಯನ್ನು ಮಾತಿಗಿಂತ ನಡತೆಯಿಂದ ಗಳಿಸಬೇಕೆಂಬುದು ಆತನ ನಿಲುವು. ಎರಡನೆಯ ಸೇವೆಗೆ ಮೊಟ್ಟಮೊದಲು ಒಂದು ಕುರ್ಚಿ ದೊರೆತುದು ಅಲ್ಲಿ.

ಆ ಕುರ್ಚಿಯ ಬೆಲೆಯೇನೆಂಬುದು 1980ರ ದಶಕದಲ್ಲಿ ತಿಳಿದುಬಂದಿತು. 1982ರಲ್ಲಿ ಷಿಕಾಗೋ ಪರಿಸರದಲ್ಲಿ ಯಾರೋ ದುಷ್ಟರು ಟೈಲೆನಾಲ್ ಎಂಬ ನೋವುನಿವಾರಕ ಗುಳಿಗೆಗಳಲ್ಲಿ ಸಯನೈಡ್ ಬೆರೆಸಿ ಏಳು ಮಂದಿ ಸತ್ತಾಗ, ತಪ್ಪು ತನ್ನದಲ್ಲದಿದ್ದರೂ ಅವುಗಳ ತಯಾರಕ ಸಂಸ್ಥೆಯಾದ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ದೇಶದಾದ್ಯಂತ ಹಿಂದಕ್ಕೆ ಪಡೆಯಿತು; ಬಿಚ್ಚಿದರೆ ಗೊತ್ತಾಗುವ ಮೊಹರಿನ ಸೀಸೆಗಳನ್ನು ಕೆಲವೇ ವಾರಗಳಲ್ಲಿ ತಂದಿತು. ಎರಡು ವರ್ಷಗಳ ನಂತರ, 1984ರ ಡಿಸೆಂಬರ್ 2ರ ನಡುರಾತ್ರಿ, ಭೋಪಾಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ಅನಿಲವು ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಆ ಕಾರ್ಖಾನೆಯಲ್ಲಿ ಹಿಂದಿನಿಂದಲೂ ಸೋರಿಕೆಗಳಾಗಿದ್ದುವು, ಸ್ಥಳೀಯ ಪತ್ರಿಕೆ ಎಚ್ಚರಿಸಿಯೂ ಇದ್ದಿತು. ಅನಾಹುತವಾದ ಮೇಲೆ ಯಾವ ಹೇಳಿಕೆ ಲೇಸೆಂದು ಚಿಂತಿಸುವುದಕ್ಕಿಂತ ಮೊದಲೇ ವಿವೇಚನೆಯ ಗಳಿಗೆ ಕಳೆದುಹೋಗಿದ್ದಿತು. ಅದೇ 1984ರಲ್ಲಿ ಗ್ರೂನಿಗ್ ಮತ್ತು ಹಂಟ್ ಎಂಬ ವಿದ್ವಾಂಸರು ಈ ವೃತ್ತಿಯ ನಾಲ್ಕು ಮಾದರಿಗಳನ್ನು ನಿರೂಪಿಸಿ, ಸಂಸ್ಥೆಯೂ ಜನರೂ ಪರಸ್ಪರ ಬದಲಾಗಲು ಸಿದ್ಧರಿರುವ ಉಭಯಮುಖ ಸಂವಾದವನ್ನು ಶ್ರೇಷ್ಠವೆಂದರು.

ನಮ್ಮ ದೇಶದಲ್ಲಿ ಟಾಟಾ ಸಂಸ್ಥೆ 1940ರ ದಶಕದಲ್ಲಿಯೇ ಸಾರ್ವಜನಿಕ ಸಂಪರ್ಕ ವಿಭಾಗವನ್ನು ತೆರೆದಿದ್ದಿತು. ವೃತ್ತಿನಿರತರ ಸಂಘವಾದ ಪಬ್ಲಿಕ್ ರಿಲೇಶನ್ಸ್ ಸೊಸೈಟಿ ಆಫ್ ಇಂಡಿಯಾ 1958ರಲ್ಲಿ ಹುಟ್ಟಿ, ಹತ್ತು ವರ್ಷಗಳ ಬಳಿಕ ದೆಹಲಿಯ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ನೀತಿಸಂಹಿತೆಯನ್ನು ಅಂಗೀಕರಿಸಿತು. ಬೆಂಗಳೂರಿನ ಸರ್ಕಾರಿ ಸ್ವಾಮ್ಯದ ಕಾರ್ಖಾನೆಗಳಲ್ಲಿಯೂ ಪಿ.ಆರ್.ಓ. ಎಂಬ ಸಂಪರ್ಕಾಧಿಕಾರಿ ಪರಿಚಿತ ವ್ಯಕ್ತಿಯಾದನು. ಆದರೆ ಅತಿಥಿಗಳ ಸತ್ಕಾರ, ಪತ್ರಿಕಾಗೋಷ್ಠಿ, ಕಾರ್ಖಾನೆಯ ಒಳಪತ್ರಿಕೆ, ಇವುಗಳಲ್ಲಿಯೇ ಆತನ ದಿನ ಮುಗಿಯುತ್ತಿದ್ದುದು ಹೆಚ್ಚು.

ಅಳತೆಯ ಮೋಹವೂ ವಿವೇಚನೆಯನ್ನು ಬಾಧಿಸಿದೆ. ಪತ್ರಿಕೆಯಲ್ಲಿ ಬಂದ ಸುದ್ದಿಯ ಅಂಗುಲಗಳನ್ನು ಜಾಹೀರಾತಿನ ದರದಿಂದ ಗುಣಿಸಿ ಅದೇ ಕೆಲಸದ ಬೆಲೆಯೆಂದು ಒಪ್ಪಿಸುವ ಪದ್ಧತಿ ದಶಕಗಳ ಕಾಲ ನಡೆಯಿತು. 2010ರಲ್ಲಿ ಬಾರ್ಸಿಲೋನಾದಲ್ಲಿ ಕಲೆತ ತಜ್ಞರು ಅದನ್ನು ತಿರಸ್ಕರಿಸಿದರು. ಬಂದ ಸುದ್ದಿಯನ್ನು ಎಣಿಸಬಹುದು. ಸಲಹೆಗಾರನೊಬ್ಬನು ಬೇಡವೆಂದುದರಿಂದ ಆಗದೆ ಹೋದ ಅನ್ಯಾಯವನ್ನು ಯಾವ ಕೋಷ್ಟಕವೂ ಎಣಿಸಲಾರದು.

ಈಗ ವೇಗವೂ ಯಂತ್ರವೂ ಜೊತೆಗೂಡಿವೆ. 2023ರ ಫೆಬ್ರವರಿಯಲ್ಲಿ ಮಿಷಿಗನ್ ಪ್ರಾಂತದ ವಿಶ್ವವಿದ್ಯಾಲಯವೊಂದರಲ್ಲಿ ಗುಂಡೇಟಿನಿಂದ ವಿದ್ಯಾರ್ಥಿಗಳು ಸತ್ತಾಗ, ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದ ಕಚೇರಿಯೊಂದು ತನ್ನ ವಿದ್ಯಾರ್ಥಿಗಳಿಗೆ ಸಾಂತ್ವನದ ಪತ್ರವನ್ನು ಕಳುಹಿಸಿತು. ಅದನ್ನು ಚಾಟ್‌ಜಿಪಿಟಿಯ ನೆರವಿನಿಂದ ರಚಿಸಲಾಗಿದೆಯೆಂಬ ಟಿಪ್ಪಣಿ ಪತ್ರದ ಅಡಿಯಲ್ಲಿಯೇ ಇದ್ದಿತು. ವಿದ್ಯಾರ್ಥಿಗಳು ನೊಂದರು, ಅಧಿಕಾರಿಗಳು ಕ್ಷಮೆ ಬೇಡಿದರು. ಶೋಕದಲ್ಲಿರುವವರಿಗೆ ಬರೆಯುವ ಕೆಲಸವನ್ನು ಯಾರ ಕೈಗೆ ಒಪ್ಪಿಸಬೇಕೆಂಬ ಪ್ರಶ್ನೆಯನ್ನು ಆ ಕಚೇರಿಯಲ್ಲಿ ಒಬ್ಬರಾದರೂ ಎತ್ತಬೇಕಿತ್ತು. ಕರಡು ಬರೆಯುವ ಶ್ರಮವನ್ನು ಯಂತ್ರವು ಹೊತ್ತುಕೊಂಡಮೇಲೆ ಸಂಪರ್ಕಾಧಿಕಾರಿಗೆ ಉಳಿಯುವ ಹೊತ್ತು ಈ ಬಗೆಯ ಪ್ರಶ್ನೆಗಳಿಗೆ ಸಲ್ಲಬೇಕು. ಅದಕ್ಕಾಗಿ, ನಿರ್ಣಯವಾದ ಮೇಲೆ ಹೇಳಿಕೆ ಬರೆಯಲೆಂದು ಆತನನ್ನು ಕರೆಯುವ ಕಚೇರಿಗಳು ನಿರ್ಣಯಕ್ಕೆ ಮೊದಲೇ ಕರೆಯಬೇಕು.